.223 ರೈಫಲ್‌ಗೆ ಯಾವ ತೂಕದ ಗುಂಡು? 75 ಗ್ರೇನ್ ಹಾಕಿದರೆ ಕಾಗದದಲ್ಲಿ ಅಡ್ಡಡ್ಡ ತೂತು!

ದಾವಣಗೆರೆ_ಬೆಣ್ಣೆ:

ಎಲ್ಲರಿಗೂ ನಮಸ್ಕಾರ. ಕೋವಿ ವಿಷಯ ಕನ್ನಡದಲ್ಲಿ ಕೇಳ್ತಿದ್ದಾನಲ್ಲ ಅಂತ ನಗಬೇಡಿ. ಇಂಗ್ಲಿಷಿನವರ ಹತ್ತಿರ ಕೇಳಿ ನೋಡಿದೆ. ಹತ್ತು ಜನ ಹತ್ತು ಹೇಳಿದರು, ಆಮೇಲೆ ನನ್ನನ್ನು ಮರೆತು ಅವರವರೇ ಜಗಳಕ್ಕೆ ಬಿದ್ದರು.

ನಾನಿರುವುದು ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ, 14 ವರ್ಷ ಆಯ್ತು. ನನ್ನ ಸಹೋದ್ಯೋಗಿಯ ಮಾವನಿಗೆ ಸೌತ್ ಡಕೋಟಾದ ಪಶ್ಚಿಮದ ಕಡೆ ದನ ಸಾಕುವ ರ‍್ಯಾಂಚ್ ಇದೆ. ಅಲ್ಲಿ ಪ್ರೇರೀ ಡಾಗ್ ಕಾಟ ವಿಪರೀತ. ಹೆಸರು ಡಾಗ್ ಅಂತಿದ್ದರೂ ನಾಯಿ ಅಲ್ಲ, ಅಳಿಲಿನ ಕುಲದ್ದು. ನಾಯಿಯ ಹಾಗೆ ಕಿಚ್ ಕಿಚ್ ಅಂತ ಬೊಗಳುವುದಕ್ಕೆ ಆ ಹೆಸರು. ಸುಮಾರು ಒಂದು ಕಿಲೋ ತೂಕ, ನಮ್ಮೂರಿನ ಒಳ್ಳೆ ಹೆಗ್ಗಣದಷ್ಟು. ಬಿಲದ ಬಾಯಲ್ಲಿ ಎರಡು ಕಾಲ ಮೇಲೆ ನಿಂತು ಕೈಮುಗಿದ ಹಾಗೆ ನೋಡುತ್ತದೆ. ದನಕ್ಕೆ ಬೇಕಾದ ಹುಲ್ಲನ್ನು ಬುಡದವರೆಗೆ ಬೋಳಿಸಿಬಿಡುತ್ತದೆ. ಯಜಮಾನರು "ಜುಲೈನಲ್ಲಿ ಬಾ, ಎಷ್ಟು ಹೊಡೀತೀಯೋ ಹೊಡಿ" ಅಂದಿದ್ದಾರೆ.

ಅದಕ್ಕೆ ಅಂತ ಒಂದು ಹಳೆಯ ಬೋಲ್ಟ್ ರೈಫಲ್ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆಯುವಂಥದ್ದು) ಕೊಂಡೆ, .223 ರೆಮಿಂಗ್ಟನ್ ಅನ್ನುವ ಅಳತೆಯ ತೋಟಾ ಹಾಕುವಂಥದ್ದು. ದಪ್ಪ ನಳಿಗೆ, ಭಾರ ಜಾಸ್ತಿ, ಆದರೆ ನೋಡಲು ಗಟ್ಟಿಮುಟ್ಟು. ಅಂಗಡಿಯವನು "ಅಲ್ಲಿ ಗಾಳಿ ಜಾಸ್ತಿ, ತೂಕದ ಗುಂಡು ಗಾಳಿಗೆ ಜಗ್ಗಲ್ಲ" ಅಂತ ಹೇಳಿ 75 ಗ್ರೇನ್‌ನ ಮೂರು ಡಬ್ಬ ತಲೆಗೆ ಕಟ್ಟಿದ. ಮಾತು ಸರಿ ಅನ್ನಿಸಿತು. ಅಡಿಕೆ ಸಿಪ್ಪೆ ಎಸೆಯೋದಕ್ಕಿಂತ ಅಡಿಕೆ ಎಸೆದರೆ ದೂರ ಹೋಗುತ್ತದೆ, ಅಲ್ವಾ?

ಕಳೆದ ಶನಿವಾರ ರೇಂಜ್‌ಗೆ ಹೋದೆ. 100 ಗಜದಲ್ಲಿ ಕಾಗದ. ಐದು ಈಡು ಹೊಡೆದೆ. ಎರಡು ಕಾಗದಕ್ಕೇ ತಾಗಲಿಲ್ಲ. ಉಳಿದ ಮೂರು ತೂತು ಒಂದಕ್ಕೊಂದು ಗೇಣು ದೂರ. ಹತ್ತಿರ ಹೋಗಿ ನೋಡಿದರೆ ತೂತು ದುಂಡಗಿಲ್ಲ! ಒಂದಂತೂ ಬೆಂಡೆಕಾಯಿಯನ್ನು ಅಡ್ಡ ಇಟ್ಟು ಒತ್ತಿದ ಹಾಗಿದೆ, ತುದಿ ಬುಡ ಎರಡೂ ಗೊತ್ತಾಗುತ್ತದೆ. ಪಕ್ಕದ ಬೆಂಚಿನ ಮುದುಕಪ್ಪ ಬಂದು ನೋಡಿ "ಅಯ್ಯೋ" ಅನ್ನೋ ಮುಖ ಮಾಡಿ ಹೋದ. ಏನೂ ಹೇಳಲಿಲ್ಲ.

ರೈಫಲ್ ಕೆಟ್ಟಿದೆಯಾ? ಸ್ಕೋಪ್ ಸಡಿಲವಾ? ನನ್ನ ಕೈ ನಡುಗುತ್ತದಾ? ಹಾಗೇ 40, 50, 55 ಅಂತೆಲ್ಲ ಇದೆಯಲ್ಲ, ಅದರಲ್ಲಿ ಯಾವುದನ್ನು ಆರಿಸಬೇಕು? ಗ್ರೇನ್ ಅಂದರೆ ಎಷ್ಟು ಅಂತಲೂ ನನಗೆ ಸರಿಯಾಗಿ ಗೊತ್ತಿಲ್ಲ, ನಾಚಿಕೆ ಬಿಟ್ಟು ಹೇಳ್ತಿದ್ದೇನೆ.

---

ಧಾರವಾಡ_ಫೇಡೆ:

ಗುಂಡಿನ ಮಾತು ತಿಳಿದವರು ಹೇಳಲಿ. ನನ್ನದು ಬೇರೆ ಪ್ರಶ್ನೆ. ನೀವು ಯಾವ ವೀಸಾದ ಮೇಲೆ ಇದ್ದೀರಿ? ಎಚ್-1ಬಿ ಇದ್ದವರು ಅಮೆರಿಕದಲ್ಲಿ ಬಂದೂಕು, ತೋಟಾ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಅಪರಾಧ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಆದರೆ ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಗೆಳೆಯನ ರೈಫಲ್ ತಾನೇ, ಸುಮ್ನೆ ಒಂದು ಸಲ ಅಂತ ಕೈಯಲ್ಲಿ ಹಿಡಿದು ಫೋಟೋ ಹಾಕುವ ನಮ್ಮ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ.

---

ದಾವಣಗೆರೆ_ಬೆಣ್ಣೆ:

ಗ್ರೀನ್ ಕಾರ್ಡ್ ಬಂದು ಮೂರು ವರ್ಷ ಆಯ್ತು, ಅದಕ್ಕೇ ಈಗ ಕೊಂಡಿದ್ದು. ಸೌತ್ ಡಕೋಟಾದಲ್ಲಿ ಹೊರರಾಜ್ಯದವರು ತೆಗೆದುಕೊಳ್ಳಬೇಕಾದ ಲೈಸೆನ್ಸ್ ಕೂಡ ಮಾಡಿಸುತ್ತೇನೆ. ನೆನಪಿಸಿದ್ದು ಒಳ್ಳೆಯದಾಯಿತು.

---

ತೆಂಗಿನಕಾಯಿ_ಗುರಿ:

ತಮ್ಮಾ, ನಿನ್ನ ಕೈಯೂ ಸರಿ ಇದೆ, ಸ್ಕೋಪೂ ಸರಿ ಇರಬಹುದು. ಗುಂಡು ಪಲ್ಟಿ ಹೊಡೆಯುತ್ತಿದೆ, ಅಷ್ಟೇ. ಬೆಂಡೆಕಾಯಿ ತೂತು ಅಂದೆಯಲ್ಲ, ಅಲ್ಲೇ ಉತ್ತರ ಇದೆ.

ನಾನು ವಿರಾಜಪೇಟೆ ಕಡೆಯವನು. ವಯೋಮಿಂಗ್‌ನಲ್ಲಿ ದನದ ಡಾಕ್ಟರ್ ಆಗಿ 22 ವರ್ಷ. ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತೇವೆ. ನನ್ನ ಅಜ್ಜ ಒಂದು ಮಾತು ಹೇಳುತ್ತಿದ್ದರು, "ಕೋವಿ ಏನು ತಿನ್ನುತ್ತದೆ ಅಂತ ಮೊದಲು ಕೋವಿಯನ್ನೇ ಕೇಳು" ಅಂತ. ಅವರದು ತೋಟೆ ಕೋವಿ, ಹನ್ನೆರಡು ಬೋರಿನದು, ಒಳಗೆ ನುಣ್ಣಗೆ. ಅದಕ್ಕೆ ಗುಂಡಿನ ಉದ್ದದ ಚಿಂತೆ ಇಲ್ಲ. ರೈಫಲ್ ಹಾಗಲ್ಲ. ರೈಫಲ್ ನಳಿಗೆಯ ಒಳಗೆ ಸುರುಳಿಯಾಗಿ ಗೀರುಗಳಿರುತ್ತವೆ. ಗುಂಡು ಅದರಲ್ಲಿ ಸಿಕ್ಕಿ ಬುಗುರಿಯ ಹಾಗೆ ತಿರುಗಿಕೊಂಡು ಹೊರಗೆ ಬರುತ್ತದೆ. ಬುಗುರಿ ಜೋರಾಗಿ ತಿರುಗಿದರೆ ನಿಲ್ಲುತ್ತದೆ, ಮೆಲ್ಲಗೆ ತಿರುಗಿದರೆ ತೂರಾಡಿ ಬೀಳುತ್ತದೆ. ಗುಂಡಿನದೂ ಅದೇ ಕಥೆ.

ಆ ಸುರುಳಿ ಎಷ್ಟು ಇಂಚಿಗೆ ಒಂದು ಸುತ್ತು ಹಾಕುತ್ತದೆ ಅನ್ನೋದೇ ಟ್ವಿಸ್ಟ್. 1:12 ಅಂದರೆ 12 ಇಂಚಿಗೆ ಒಂದು ಸುತ್ತು, 1:8 ಅಂದರೆ 8 ಇಂಚಿಗೆ ಒಂದು. ಹಳೆಯ ದಪ್ಪ ನಳಿಗೆಯ .223 ಬೋಲ್ಟ್ ರೈಫಲ್‌ಗಳಲ್ಲಿ ಬಹುಪಾಲು 1:12 ಇರುತ್ತದೆ. ಅವು ಬಂದ ಕಾಲದಲ್ಲಿ ಈ ತೋಟಾಕ್ಕೆ 55 ಗ್ರೇನ್ ಗುಂಡೇ ರೂಢಿ. ಅಮೆರಿಕದ ಸೈನ್ಯದ ಮೊದಲ ಎಂ-16 ರೈಫಲ್‌ನಲ್ಲೂ 55 ಗ್ರೇನ್ ಗುಂಡು, 1:12 ನಳಿಗೆಯೇ ಇತ್ತು. ಅದಕ್ಕೂ ಮುಂಚೆ 1:14 ಮಾಡಿದ್ದರು. ಕೊರೆಯುವ ಚಳಿಯಲ್ಲಿ ಗಾಳಿ ದಟ್ಟ ಆಗುತ್ತದಲ್ಲ, ಆಗ ಗುಂಡು ತೂರಾಡಿತು ಅಂತ 12ಕ್ಕೆ ಇಳಿಸಿದರು. ಆಮೇಲೆ ಇನ್ನೂ ಉದ್ದದ ಗುಂಡು ಬಂದಾಗ ಎಂ-16ಎ2ಗೆ 1:7 ನಳಿಗೆ ಹಾಕಬೇಕಾಯಿತು.

ಉದ್ದ ಅಂದೆ, ತೂಕ ಅಂದಿಲ್ಲ. ಅದು ಗಮನದಲ್ಲಿರಲಿ. .223ರ ಗುಂಡಿನ ದಪ್ಪ ಎಲ್ಲಕ್ಕೂ ಒಂದೇ, .224 ಇಂಚು ಅಡ್ಡಳತೆ. ಅಗಲ ಹೆಚ್ಚಿಸುವ ಹಾಗಿಲ್ಲ, ಆದ್ದರಿಂದ ತೂಕ ಹೆಚ್ಚಿಸಬೇಕು ಅಂದರೆ ಉದ್ದ ಮಾಡಲೇಬೇಕು. ಉದ್ದ ಆದಷ್ಟೂ ಜೋರಾಗಿ ತಿರುಗಿಸಬೇಕು. ನಿನ್ನ 75 ಗ್ರೇನಿಗೆ 1:8 ಬೇಕು. 1:12ರಲ್ಲಿ ಅದು ನಳಿಗೆ ಬಿಟ್ಟ ಕೂಡಲೇ ಕುಡಿದವನ ಹಾಗೆ ಓಲಾಡುತ್ತದೆ, ಕಾಗದಕ್ಕೆ ಅಡ್ಡ ಬೀಳುತ್ತದೆ. ಆ ಮುದುಕಪ್ಪನಿಗೆ ಗೊತ್ತಿತ್ತು, ಪಾಪ, ಹೇಳಲಿಲ್ಲ.

ಮೊದಲು ಒಂದು ಕೆಲಸ ಮಾಡು. ರೈಫಲ್ ಖಾಲಿ ಮಾಡು. ಖಾಲಿ ಇದೆ ಅಂತ ಎರಡು ಸಲ ನೋಡು. ಬೋಲ್ಟ್ ಹೊರಗೆ ತೆಗೆದಿಡು. ನಳಿಗೆ ಒರೆಸುವ ಕೋಲಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಹಿಂದಿನಿಂದ ತೂರಿಸು. ಕೋಲಿನ ಹಿಡಿ ತಾನಾಗಿ ತಿರುಗುವಂಥದ್ದು ಇರಬೇಕು. ಸ್ವಲ್ಪ ಒಳಗೆ ಹೋದ ಮೇಲೆ ಕೋಲಿನ ನೆತ್ತಿಗೆ ಪೆನ್ನಿನಲ್ಲಿ ಒಂದು ಗುರುತು ಹಾಕು, ನಳಿಗೆಯ ಹಿಂಬದಿಯ ಸಾಲಿಗೆ ಬರುವ ಕಡೆ ಕೋಲಿನ ಮೇಲೇ ಇನ್ನೊಂದು. ಈಗ ಮೆಲ್ಲಗೆ ನೂಕು. ನೆತ್ತಿಯ ಗುರುತು ಒಂದು ಪೂರ್ತಿ ಸುತ್ತು ಬಂದು ಮತ್ತೆ ನೆತ್ತಿಗೆ ನಿಂತಾಗ ಅದೇ ಹಿಂಬದಿಯ ಸಾಲಿಗೆ ಕೋಲಿನ ಮೇಲೆ ಮತ್ತೊಂದು ಗುರುತು. ಸಾಲಿನಲ್ಲಿ ಹಾಕಿದ ಆ ಎರಡು ಗುರುತಿನ ನಡುವೆ ಎಷ್ಟು ಇಂಚು ಅಂತ ಅಳೆ. ಹನ್ನೆರಡರ ಹತ್ತಿರ ಬಂದರೆ ನಾನು ಹೇಳಿದ್ದು ಸರಿ. ಬರಲಿಲ್ಲ ಅಂದರೆ ಬಂದು ನನಗೆ ಬೈ.

ಗ್ರೇನ್ ಕೇಳಿದೆಯಲ್ಲ. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಲೆಕ್ಕದಲ್ಲಿ ಹೇಳಬೇಕಾದರೆ ಒಂದು ತೊಲಕ್ಕೆ ಸರಿಯಾಗಿ 180 ಗ್ರೇನ್. ಅಕ್ಕಸಾಲಿಗನ ಗುಲಗಂಜಿ ಒಂದಕ್ಕೆ ಎರಡು ಗ್ರೇನಿಗೆ ಸ್ವಲ್ಪ ಕಡಿಮೆ. ಅಂದರೆ ನಿನ್ನ 55 ಗ್ರೇನ್ ಗುಂಡು ಸುಮಾರು 29 ಗುಲಗಂಜಿ, ಮೂರೂವರೆ ಗ್ರಾಂ. 40 ಗ್ರೇನ್ ಅಂದರೆ 21 ಗುಲಗಂಜಿ. ಇಷ್ಟು ಚಿಕ್ಕ ವಸ್ತುವಿನ ಎಂಟು ಗುಲಗಂಜಿ ವ್ಯತ್ಯಾಸಕ್ಕೆ ಇಷ್ಟೊಂದು ಜಗಳ ಆಡುತ್ತಾರೆ ಅಂದರೆ ನೋಡು.

---

ತೆಂಗಿನಕಾಯಿ_ಗುರಿ:

ಹೇಳಬೇಕಾದದ್ದು ಅರ್ಧ ಉಳಿಯಿತು. ಒಂದು ಹಸುವಿನ ಹೆರಿಗೆಗೆ ಕರೆದಿದ್ದರು, ಹೋಗಿ ಬಂದೆ. ಹೆಣ್ಣು ಕರು.

ಈಗ ಗಾಳಿಯ ಮಾತು. ಅಂಗಡಿಯವನು ಹೇಳಿದ್ದರಲ್ಲಿ ಅರ್ಧ ನಿಜ. ಗಂಟೆಗೆ 10 ಮೈಲಿ ಗಾಳಿ ಪಕ್ಕದಿಂದ ಬೀಸುತ್ತಿದೆ, 300 ಗಜ ದೂರ ಅಂತ ಇಟ್ಟುಕೋ. ಹಾರ್ನಡಿ ಕಂಪನಿಯ ವಿ-ಮ್ಯಾಕ್ಸ್ ಅನ್ನುವ 40 ಗ್ರೇನ್ ಗುಂಡು ಸೆಕೆಂಡಿಗೆ 3800 ಅಡಿ ವೇಗದಲ್ಲಿ ಹೊರಡುತ್ತದೆ. ಅದೇ ಕಂಪನಿಯ 55 ಗ್ರೇನ್‌ದು 3240 ಅಡಿ. ನನ್ನ ಲೆಕ್ಕದಲ್ಲಿ 40 ಗ್ರೇನ್ ಸುಮಾರು 12 ಇಂಚು ಪಕ್ಕಕ್ಕೆ ಹೋಗುತ್ತದೆ, 55 ಗ್ರೇನ್ ಸುಮಾರು 11 ಇಂಚು. ಒಂದೇ ಇಂಚು! 75 ಗ್ರೇನ್‌ನ ಚೂಪು ಗುಂಡು ಸರಿಯಾದ ನಳಿಗೆಯಲ್ಲಿ 7 ಇಂಚು ಹೋಗುತ್ತದೆ. ಹೌದು, ತೂಕದ್ದು ಗಾಳಿಗೆ ಕಡಿಮೆ ಜಗ್ಗುತ್ತದೆ. ಆದರೆ ನಿನ್ನ ನಳಿಗೆ ಅದನ್ನು ಎಸೆಯಲಾರದು, ಏನು ಮಾಡ್ತೀಯ?

ನೆಟ್ಟಗೆ ನಿಂತ ಪ್ರೇರೀ ಡಾಗ್ ಅಗಲ ಮೂರು ನಾಲ್ಕು ಇಂಚು. ನಿನ್ನ ರೈಫಲ್ 100 ಗಜದಲ್ಲಿ ಒಂದು ಇಂಚಿನ ಒಳಗೆ ಐದು ತೂತು ಕೂರಿಸಿದರೆ 300 ಗಜದಲ್ಲಿ ಅದು ಮೂರು ಇಂಚು. ಗಾಳಿ ಇಲ್ಲ ಅಂದರೂ ಅಷ್ಟಕ್ಕಷ್ಟೇ. ಆದ್ದರಿಂದ 11ಕ್ಕೂ 12ಕ್ಕೂ ಇರುವ ಒಂದು ಇಂಚಿಗೆ ತಲೆ ಕೆಡಿಸಿಕೊಳ್ಳಬೇಡ. ಯಾವ ಗುಂಡು ನಿನ್ನ ನಳಿಗೆಯಲ್ಲಿ ಒಂದೇ ಕಡೆ ಬೀಳುತ್ತದೆ ಅನ್ನೋದು ಮುಖ್ಯ.

ನಾನಾದರೆ 1:12ಗೆ 50 ಗ್ರೇನ್‌ನಿಂದ ಶುರು ಮಾಡುತ್ತೇನೆ. 55 ಕೂಡ ಸರಿ. 53 ಗ್ರೇನ್‌ನ ವಿ-ಮ್ಯಾಕ್ಸ್ ಅಂತ ಒಂದಿದೆ, ಮೂತಿ ಉದ್ದ, ಗಾಳಿಗೆ 8-9 ಇಂಚು ಮಾತ್ರ ಹೋಗುತ್ತದೆ, ಆಸೆ ಹುಟ್ಟಿಸುತ್ತದೆ. ಆದರೆ ಆ ಉದ್ದಕ್ಕೆ 1:12 ಅಂಚಿನಲ್ಲಿರುತ್ತದೆ. ಒಂದೇ ಡಬ್ಬ ತಂದು ನೋಡು, ಮೂರು ತರಬೇಡ. ಜುಲೈನ ಬಿಸಿಯಲ್ಲಿ ಚೆನ್ನಾಗಿ ಹೋಗಿ ಜನವರಿಯಲ್ಲಿ ತೂರಾಡಿದರೆ ಆಶ್ಚರ್ಯ ಇಲ್ಲ, ಆ 1:14ರ ಕಥೆ ನೆನಪಿದೆಯಲ್ಲ.

ಹಗುರದ ಗುಂಡಿಗೆ ಒಂದು ಸುಖ ಇದೆ. ಅದನ್ನು ಪುಸ್ತಕದಲ್ಲಿ ಓದಿದರೆ ಗೊತ್ತಾಗಲ್ಲ. ಕೋವಿ ಕಡಿಮೆ ಒದೆಯುತ್ತದೆ. ನಿನ್ನ ಭಾರದ ರೈಫಲ್‌ನಲ್ಲಿ 40 ಗ್ರೇನ್ ಹೊಡೆದರೆ ಸ್ಕೋಪ್ ಅಲುಗಾಡುವುದೇ ಇಲ್ಲ ಅನ್ನಬಹುದು. ಗುಂಡು ಎಲ್ಲಿ ಬಿತ್ತು, ಧೂಳು ಎಡಕ್ಕೆ ಎದ್ದಿತೋ ಬಲಕ್ಕೋ, ಎಲ್ಲ ನಿನ್ನ ಕಣ್ಣಿಗೇ ಕಾಣುತ್ತದೆ. ಮುಂದಿನ ಈಡಿಗೆ ಅಷ್ಟು ತಿದ್ದಿಕೊಂಡರೆ ಆಯ್ತು. ದಿನಕ್ಕೆ ನೂರಾರು ಈಡು ಹೊಡೆಯುವ ಜಾಗದಲ್ಲಿ ಇದು ದೊಡ್ಡ ವಿಷಯ. 200 ಗಜಕ್ಕೆ ಗುರಿ ಕೂರಿಸಿದರೆ 300 ಗಜದಲ್ಲಿ 40 ಗ್ರೇನ್ ಐದು ಇಂಚು ಇಳಿಯುತ್ತದೆ, 55 ಏಳು ಇಂಚು. ದೂರದ ಅಂದಾಜು ಸ್ವಲ್ಪ ತಪ್ಪಿದರೂ ಹಗುರದ್ದು ಕ್ಷಮಿಸುತ್ತದೆ.

ಇನ್ನು ದಯವಿಟ್ಟು ಮೂತಿ ಮುಚ್ಚಿದ, ಪೂರ್ತಿ ತಾಮ್ರದ ಅಂಗಿ ತೊಟ್ಟ ಮಿಲಿಟರಿ ಮಾದರಿಯ ಅಗ್ಗದ ಗುಂಡು ಒಯ್ಯಬೇಡ. ಅದು ನೆಲಕ್ಕೆ ತಾಗಿ ಪುಟಿದು ಎಲ್ಲಿಗೋ ಹೋಗುತ್ತದೆ. ವಿ-ಮ್ಯಾಕ್ಸ್ ಥರದ ಪ್ಲಾಸ್ಟಿಕ್ ಮೂತಿಯ, ತೆಳು ಅಂಗಿಯ ಗುಂಡು ಒಣ ಮಣ್ಣಿಗೆ ತಾಗಿದರೂ ಹೆಚ್ಚಾಗಿ ಚೂರಾಗುತ್ತದೆ. ಆದರೂ ಕಲ್ಲಿಗೆ ತಾಗಿದರೆ ನಂಬುವ ಹಾಗಿಲ್ಲ. ಗುಡ್ಡದ ನೆತ್ತಿಯ ಮೇಲೆ ಆಕಾಶಕ್ಕೆ ಅಂಟಿಕೊಂಡು ನಿಂತದ್ದಕ್ಕೆ ಹೊಡೆಯಬೇಡ. ತಪ್ಪಿದ ಗುಂಡು ಮೈಲಿ ದಾಟಿ ಹೋಗುತ್ತದೆ. ಆಚೆ ಯಜಮಾನರ ಹಸು ಮೇಯುತ್ತಿರಬಹುದು. ಗುಂಡು ತಾಗಿದ ಹಸುವನ್ನು ನೋಡಿದ್ದೇನೆ. ಹೊಲಿಗೆ ಹಾಕಿದವನು ನಾನೇ.

5.56 ಅಂತ ಬರೆದ ಮಿಲಿಟರಿ ಅಳತೆಯ ತೋಟಾ ಅಗ್ಗ ಸಿಕ್ಕಿತು ಅಂತ .223 ಅಂತ ಕೆತ್ತಿದ ರೈಫಲ್‌ಗೆ ಹಾಕಬೇಡ. ನೋಡಲು ಅವಳಿಜವಳಿ, ಒಳಗೂ ಹೋಗುತ್ತದೆ, ಆದರೆ ಒತ್ತಡ ಹೆಚ್ಚಾಗುತ್ತದೆ.

---

ಮೆಲ್ಬೋರ್ನ್_ಮಂಡ್ಯ:

ಡಾಕ್ಟರ್ ಸಾಹೇಬರು ಚೆನ್ನಾಗಿ ಹೇಳಿದ್ದಾರೆ. ನಾನು ವಿಕ್ಟೋರಿಯಾದಲ್ಲಿ ನರಿ, ಮೊಲ ಹೊಡೆಯುವವನು. ನರಿಗೆ .204 ರೂಗರ್ ಅನ್ನುವ ಇನ್ನೂ ಸಣ್ಣ ಅಳತೆಯ ತೋಟಾ, 32 ಗ್ರೇನ್ ಗುಂಡು. ಇಲ್ಲಿ ಮೊಲದ ಕಾಟ 1859ರಲ್ಲಿ ಶುರುವಾದದ್ದು. ಒಬ್ಬ ಜಮೀನ್ದಾರ ಬೇಟೆಯ ಖುಷಿಗೆ ಅಂತ ಇಂಗ್ಲೆಂಡಿನಿಂದ ತರಿಸಿ ಬಿಟ್ಟ. ಇವತ್ತಿಗೂ ನಾವು ಹೊಡೆಯುತ್ತಲೇ ಇದ್ದೇವೆ!

ತೂಕ ಒಂದನ್ನೇ ನೋಡಬಾರದು ಅನ್ನೋದಕ್ಕೆ ನನ್ನದೊಂದು ಅನುಭವ. ಸಣ್ಣ .22 ರಿಮ್‌ಫೈರ್ ತೋಟಾ ಇದೆಯಲ್ಲ, ಅದರ ಗುಂಡೂ 40 ಗ್ರೇನೇ. ಆದರೆ ವೇಗ ಸೆಕೆಂಡಿಗೆ 1200 ಅಡಿ ಆಸುಪಾಸು. .223ರ 40 ಗ್ರೇನ್ 3800. ತೂಕ ಒಂದೇ, ವೇಗ ಮೂರು ಪಟ್ಟು. ಹೊಸದರಲ್ಲಿ ನಾನು ಒಂದು ಮೊಲಕ್ಕೆ .223 ಹೊಡೆದೆ. ಮನೆಯವಳು ಈರುಳ್ಳಿ ಹೆಚ್ಚಿಟ್ಟು ಬಿರಿಯಾನಿಗೆ ಕಾಯುತ್ತಿದ್ದಳು. ನಾನು ಒಯ್ದದ್ದು ಎರಡು ಹಿಂಗಾಲು. ಉಳಿದದ್ದು ಹುಲ್ಲಿನ ಮೇಲೆ ಇತ್ತು, ಎತ್ತಿಕೊಳ್ಳುವ ಹಾಗಿರಲಿಲ್ಲ. ಆವತ್ತು ಮೊಟ್ಟೆ ಬಿರಿಯಾನಿ. ತಿನ್ನುವ ಮೊಲಕ್ಕೆ ಈಗ ರಿಮ್‌ಫೈರ್ ಮಾತ್ರ, ಅದೂ 50 ಗಜದೊಳಗೆ.

---

ಹಸಿರು_ಹಕ್ಕಿ:

ಎಲ್ಲರೂ ಇಂಚು ಗಜ ಲೆಕ್ಕ ಹಾಕುತ್ತಿದ್ದೀರಿ. ಕೈಮುಗಿದು ನಿಂತ ಪ್ರಾಣಿಯನ್ನು 300 ಗಜದಿಂದ ಹೊಡೆದು, ತಿನ್ನದೆ, ಅಲ್ಲೇ ಬಿಟ್ಟು ಬರೋದು ಬೇಟೆಯಾ? ನಮ್ಮ ದೇಶದಲ್ಲಿ 1972ರಲ್ಲೇ ಕಾನೂನು ತಂದು ಬೇಟೆಗೆ ಕಡಿವಾಣ ಹಾಕಿದರು. ಅಲ್ಲಿ ಹೋಗಿ ಕಲಿಯಬೇಕಾದದ್ದು ಇದೇನಾ?

---

ತೆಂಗಿನಕಾಯಿ_ಗುರಿ:

ಕೇಳಬೇಕಾದ ಪ್ರಶ್ನೆಯೇ. ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ.

ಇಲ್ಲಿ ಹೊಡೆಯದಿದ್ದರೆ ಸುಮ್ಮನೆ ಬಿಡುತ್ತಾರೆ ಅಂದುಕೊಳ್ಳಬೇಡಿ. ಬಿಲಕ್ಕೆ ಜಿಂಕ್ ಫಾಸ್ಫೈಡ್ ಬೆರೆಸಿದ ಓಟ್ಸ್ ಹಾಕುತ್ತಾರೆ. ನಮ್ಮೂರಲ್ಲಿ ಇಲಿಗೆ ಇಡುತ್ತೇವಲ್ಲ, ಅದೇ ವಿಷ. ಅದನ್ನು ತಿಂದ ಪ್ರಾಣಿ ಸಾಯುವುದನ್ನು ನೋಡಿದವರು ಗುಂಡೇ ವಾಸಿ ಅನ್ನುತ್ತಾರೆ. ಇದು ನನ್ನ ಅಭಿಪ್ರಾಯ, ಒಪ್ಪಲೇಬೇಕು ಅಂತಿಲ್ಲ.

ಆದರೆ ನಿಮ್ಮ ಮಾತಿನಲ್ಲಿ ಒಂದು ತೂಕ ಇದೆ. ಪ್ರೇರೀ ಡಾಗ್ ತಿಂದೇ ಬದುಕುವ ಒಂದು ಪ್ರಾಣಿ ಇದೆ, ಕಪ್ಪು ಕಾಲಿನ ಫೆರೆಟ್, ನಮ್ಮ ಮುಂಗುಸಿಯ ಹಾಗೆ ಉದ್ದಕ್ಕೆ. ನಿರ್ನಾಮ ಆಯ್ತು ಅಂತಲೇ ಎಲ್ಲ ಅಂದುಕೊಂಡಿದ್ದರು. 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಊರಿನ ಹತ್ತಿರ ರ‍್ಯಾಂಚಿನ ನಾಯಿಯೊಂದು ಅದನ್ನು ಹಿಡಿದು ಮನೆ ಬಾಗಿಲಿಗೆ ತಂದು ಹಾಕಿತು. ಆಮೇಲೆ ಹುಡುಕಿದಾಗ ಉಳಿದವು ಸಿಕ್ಕವು, ಸಾಕಿ ಮರಿ ಮಾಡಿಸಿದರು. ಸೌತ್ ಡಕೋಟಾದ ಕೊನಾಟಾ ಬೇಸಿನ್‌ನಲ್ಲಿ ಅವನ್ನು ಬಿಟ್ಟಿದ್ದಾರೆ. ಅಲ್ಲಿ ಪ್ರೇರೀ ಡಾಗ್ ಹೊಡೆಯುವ ಹಾಗಿಲ್ಲ. ಬೆಣ್ಣೆ, ನೀನು ಹೋಗುವ ಜಾಗ ಅದರ ಹತ್ತಿರವಾ ಅಂತ ಯಜಮಾನರನ್ನು ಕೇಳಿ ನಕ್ಷೆ ನೋಡಿಕೋ. ಯೂಟಾ ರಾಜ್ಯದ ಪ್ರೇರೀ ಡಾಗ್ ಜಾತಿಗೂ ಕೇಂದ್ರದ ರಕ್ಷಣೆ ಇದೆ.

ಇನ್ನೊಂದು, ಸೀಸ. ಸತ್ತದ್ದನ್ನು ಅಲ್ಲೇ ಬಿಡುತ್ತಾರೆ, ಹದ್ದು ಗಿಡುಗ ಬಂದು ತಿನ್ನುತ್ತವೆ, ಗುಂಡಿನ ಸೀಸದ ಚೂರು ಅವುಗಳ ಹೊಟ್ಟೆಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಬೇಡ ಅಂತ ಮಾಡಿದ್ದಾರೆ. ಬೇರೆ ಕಡೆ ಕಾನೂನು ಹಾಗಿಲ್ಲದಿದ್ದರೂ ನಾನು ಈಚೆಗೆ ಸೀಸವಿಲ್ಲದ 35 ಗ್ರೇನ್ ಹೊಡೆಯುತ್ತೇನೆ. ಸೀಸಕ್ಕಿಂತ ಹಗುರ ಲೋಹ ಆದ್ದರಿಂದ ತೂಕ ಕಡಿಮೆ ಇದ್ದರೂ ಗುಂಡು ಉದ್ದ ಇರುತ್ತದೆ. ಮತ್ತೆ ಅದೇ ಮಾತು ಬಂತು ನೋಡಿ, ಡಬ್ಬದ ಮೇಲಿನ ತೂಕ ನೋಡಿ ಮೋಸ ಹೋಗಬಾರದು. ಬೆಲೆ ಜಾಸ್ತಿ, 300 ಗಜದಲ್ಲಿ ಗಾಳಿಗೆ ಹಾರಿ ಹೋಗುತ್ತದೆ. ಹಾಗಾಗಿ ನಾನು 200 ಗಜ ದಾಟಿ ಹೊಡೆಯುವುದಿಲ್ಲ.

ಬೆಣ್ಣೆ, ಸತ್ತದ್ದನ್ನು ಕೈಯಲ್ಲಿ ಮುಟ್ಟಬೇಡ. ಅದರ ಮೈಮೇಲಿನ ಚಿಗಟದಿಂದ ಪ್ಲೇಗ್ ಬರಬಹುದು. ತಮಾಷೆ ಅಲ್ಲ, 1898ರಲ್ಲಿ ಬೆಂಗಳೂರಿಗೆ ಬಂದು ಪ್ಲೇಗಮ್ಮನ ಗುಡಿ ಕಟ್ಟಿಸಿದ್ದು ಇದೇ ಪ್ಲೇಗ್.

---

ಹಸಿರು_ಹಕ್ಕಿ:

ಒಪ್ಪಿದೆ ಅಂತ ಹೇಳಲಾರೆ. ಆದರೆ ಸೀಸದ ಮಾತಿಗೆ ಧನ್ಯವಾದ.

---

ದಾವಣಗೆರೆ_ಬೆಣ್ಣೆ:

ಹೋಗಿ ಬಂದೆ, ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಕೋಲಿನ ಅಳತೆ. ಅಡುಗೆಮನೆ ಮೇಜಿನ ಮೇಲೆ ಟವೆಲ್ ಹಾಸಿ, ಹೆಂಡತಿಯ ಹೊಲಿಗೆ ಟೇಪ್ ಹಿಡಿದು ಮೂರು ಸಲ ಅಳೆದೆ. ಹನ್ನೊಂದು ಮುಕ್ಕಾಲು, ಹನ್ನೆರಡು, ಹನ್ನೆರಡು. ಡಾಕ್ಟರಣ್ಣ, ನಿಮಗೆ ಬೈಯುವ ಅವಕಾಶ ತಪ್ಪಿತು. ಟೇಪಿಗೆ ಎಣ್ಣೆ ಮೆತ್ತಿತು ಅಂತ ನಾನೇ ಬೈಸಿಕೊಂಡೆ.

ರೇಂಜ್‌ನಲ್ಲಿ 40, 50, 53, 55, ನಾಲ್ಕನ್ನೂ ಐದೈದು ಹೊಡೆದೆ. ಪ್ರತಿ ಐದಕ್ಕೂ ಕಾಲು ಗಂಟೆ ನಳಿಗೆ ಆರಲು ಬಿಟ್ಟೆ. ಎಲ್ಲವೂ ದುಂಡನೆ ತೂತು, ದೇವರ ದಯೆ. 53 ಮಾತ್ರ ಎರಡು ಇಂಚು ಹರಡಿತು. ಒಂದು ತೂತು ಸ್ವಲ್ಪ ಮೊಟ್ಟೆಯಾಕಾರ ಅನ್ನಿಸಿತು, ನನ್ನ ಅನುಮಾನವೂ ಇರಬಹುದು. 40 ಒಂದೂಕಾಲು ಇಂಚು. 55 ಒಂದು ಇಂಚು. 50 ಐದೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿ ಹೋಗುವಷ್ಟು. ಊರಿಂದ ತಂದ ನಾಣ್ಯ ಪರ್ಸಿನಲ್ಲಿತ್ತು, ಇಟ್ಟೇ ನೋಡಿದೆ.

ರ‍್ಯಾಂಚ್‌ಗೆ 40 ಮತ್ತು 50 ಎರಡನ್ನೂ ಒಯ್ದೆ. ಫೆರೆಟ್ ವಿಷಯ ಕೇಳಿದಾಗ ಯಜಮಾನರು ನಕ್ಷೆ ತೆಗೆದು ತೋರಿಸಿದರು, ಆ ಜಾಗ ದೂರ ಇದೆ. ನಾನು ಕೇಳಿದ್ದಕ್ಕೆ ಖುಷಿಪಟ್ಟರು ಅಂತ ಕಾಣುತ್ತದೆ, ಕಾಫಿ ಎರಡನೇ ಸಲ ಬಂತು. ನೀರು ನೀರು ಕಾಫಿ, ಅದು ಬೇರೆ ಮಾತು.

ಬೆಳಿಗ್ಗೆ ಏಳಕ್ಕೆ ಗಾಳಿ ಇರಲಿಲ್ಲ. 40 ಗ್ರೇನ್ ಹಾಕಿ 150, 180 ಗಜಕ್ಕೆ ಹೊಡೆದೆ. ಅಣ್ಣ ಹೇಳಿದ ಸುಖ ಅಂದರೆ ಇದೇ. ಟ್ರಿಗ್ಗರ್ ಎಳೆದ ಮೇಲೂ ಸ್ಕೋಪ್‌ನಲ್ಲಿ ಅದೇ ಬಿಲ, ಅದೇ ಹುಲ್ಲು, ಏನೂ ಅಲುಗಲಿಲ್ಲ. ತಪ್ಪಿದ್ದೂ ಕಂಡಿತು. ಬಿದ್ದದ್ದೂ ಕಂಡಿತು. ಮೊದಲನೆಯದು ಬಿದ್ದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹಸಿರು ಹಕ್ಕಿ ಕೇಳಿದ್ದು ನೆನಪಾಯಿತು.

ಹತ್ತು ಗಂಟೆಗೆ ಗಾಳಿ ಎದ್ದಿತು. ಎಡದಿಂದ ಬಲಕ್ಕೆ, ಹುಲ್ಲು ಪೂರ್ತಿ ಬಾಗುವಷ್ಟು. 280 ಗಜದಲ್ಲಿ ಒಂದು ನಿಂತಿತ್ತು. 40 ಗ್ರೇನ್‌ನಲ್ಲಿ ಆರು ಈಡು ಹೊಡೆದೆ. ಆರೂ ಸಲ ಧೂಳು ಬಲಗಡೆ, ಒಮ್ಮೆ ಒಂದು ಗೇಣು, ಒಮ್ಮೆ ಮೊಳ. ಅದು ಮಾತ್ರ ಕದಲದೆ ಬೊಗಳುತ್ತಿತ್ತು, ಬಲಗಡೆ ಏನೋ ನಡೀತಿದೆ ಅಂತ ತಿರುಗಿ ಬೇರೆ ನೋಡಿತು! 50ಕ್ಕೆ ಬದಲಾಯಿಸಿದೆ. ಅದೂ ತಪ್ಪಿತು. ಆದರೆ ಮೂರೂ ಸಲ ಒಂದೇ ಕಡೆ ತಪ್ಪಿತು, ಅದೇ ಗೇಣು ಬಲಕ್ಕೆ. ಅಷ್ಟು ಎಡಕ್ಕೆ ಹಿಡಿದು ನಾಲ್ಕನೆಯದು ಹೊಡೆಯುವಷ್ಟರಲ್ಲಿ ಅದು ಬಿಲಕ್ಕೆ ಇಳಿದಿತ್ತು. ಬದುಕಿಕೊಂಡಿತು. ಆಮೇಲೆ ನಾನೂ 200 ಗಜ ದಾಟಲಿಲ್ಲ.

75 ಗ್ರೇನ್ ಕಥೆ ಒಂದು ಉಳಿದಿದೆ. ಸಹೋದ್ಯೋಗಿಯದು ಟಿಕ್ಕಾ ಕಂಪನಿಯ .223 ರೈಫಲ್, 1:8 ನಳಿಗೆ. "ನಿನ್ನ ಆ ದರಿದ್ರ ಡಬ್ಬ ಕೊಡು" ಅಂತ ಕೇಳಿದ. ಸಂಜೆ ಗಾಳಿ ನಿಂತ ಮೇಲೆ ರ‍್ಯಾಂಚಿನ ಹಿಂದಿನ ಮಣ್ಣಿನ ದಿಬ್ಬಕ್ಕೆ ಕಾಗದ ಚುಚ್ಚಿ, 100 ಗಜದಿಂದ ಐದು ಹೊಡೆದ. ನಡೆದು ಹೋಗಿ ನೋಡಿದೆವು. ಐದೂ ದುಂಡನೆ, ಕಂಪಾಸ್ ಇಟ್ಟು ಬರೆದ ಹಾಗೆ, ಮೂರು ಒಂದಕ್ಕೊಂದು ತಾಗಿಕೊಂಡಿವೆ. ನನ್ನ ಕಾಗದದಲ್ಲಿ ಬೆಂಡೆಕಾಯಿ ಒತ್ತಿದ್ದ ಅದೇ ಡಬ್ಬ.

ಉಳಿದ ಎರಡು ಡಬ್ಬವನ್ನೂ ಅವನೇ ಇಟ್ಟುಕೊಂಡ. ಬದಲಿಗೆ ಅವನ ಹತ್ತಿರವಿದ್ದ 50 ಗ್ರೇನ್‌ನ ಎರಡು ಡಬ್ಬ ಕೊಟ್ಟ, ಮೇಲಿಂದ ಕಾಗದವನ್ನೂ ಮಡಚಿ ನನ್ನ ಜೇಬಿಗೆ ಹಾಕಿದ, ಅಂಗಡಿಯವನಿಗೆ ತೋರಿಸು ಅಂತ.

---

ತೆಂಗಿನಕಾಯಿ_ಗುರಿ:

ಅಂಗಡಿಯವನಿಗೆ ಬೇಡ, ಆ ಮುದುಕಪ್ಪನಿಗೆ ತೋರಿಸು. ಕಾಫಿಯ ಪುಡಿ ಬೇಕಾದರೆ ಹೇಳು, ನಮ್ಮ ತೋಟದ್ದು ಕಳಿಸುತ್ತೇನೆ, ಯಜಮಾನರಿಗೂ ಅರ್ಧ ಕಿಲೋ ಕೊಡು.